ಪಡುವಣ ಗೋಡೆಯ ಕಲ್ಲು

ಶಾಂತಕ್ಕ, ನಿಮ್ಮ ಅಪ್ಪನ, ಎಂದರೆ ನನ್ನ ಮಾವನ, ಕೈಯಿಂದ ಸುತ್ತಿಗೆ ಬಿಡಿಸಿದವಳು ನಾನು. ನೀವು ಆ ವರ್ಷ ನಾಗರಪಂಚಮಿಗೆ ತವರಿಗೆ ಬರಲಿಲ್ಲವೆಂಬ ಕೊರಗಿನಿಂದ ಅವರು ಕೆಲಸ ಬಿಟ್ಟರೆಂದು ನಿಮಗೆ ಬರೆದು ತಿಳಿಸಿದವಳೂ ನಾನೇ. ಮೊದಲನೆಯದು ತಪ್ಪು. ಎರಡನೆಯದು ಸುಳ್ಳು — ತಿಳಿದೂ ತಿಳಿದೂ ಬರೆದ ಸುಳ್ಳು. ಒಂಬತ್ತು ವರ್ಷದಿಂದ ಅದನ್ನು ನೀವು ನಿಜವೆಂದು ನಂಬಿ ಹೊತ್ತಿದ್ದೀರಿ. ಅಂದಿನಿಂದ ನೀವು ಪಂಚಮಿಯ ಜೋಕಾಲಿ ಏರಿಲ್ಲ. ಅದನ್ನು ನಾನು ನೋಡುತ್ತಲೇ ಬಂದೆ, ಬಾಯಿ ತೆರೆಯಲಿಲ್ಲ.

ಇಷ್ಟನ್ನು ಒಂದೇ ಉಸಿರಿಗೆ ಬರೆದು ಎದ್ದುಹೋದೆ. ಒಲೆಯ ಮೇಲೆ ಹಾಲಿತ್ತು. ಉಕ್ಕಿರಲಿಲ್ಲ. ಬಾಗಿಲ ಚಿಲಕ ನೋಡಿದೆ, ಹಾಕಿತ್ತು. ಮತ್ತೆ ಬಂದು ಕೂತೆ. ಬೆಳಗಿನಿಂದ ಹೀಗೇ — ಕೂತಲ್ಲಿ ಕೂಡಲಾರೆ, ನಿಂತಲ್ಲಿ ನಿಲ್ಲಲಾರೆ.

ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳೆಂದು ನಿಮಗೆ ಗೊತ್ತು. ಅಲ್ಲಿನ ಪ್ರಾರ್ಥನೆಯ ಮನೆಯಲ್ಲಿ ಮರದ ಒಂದು ಗೂಡಿತ್ತು. ಶನಿವಾರ ಕಿರಿಸ್ತಾನರ ಹುಡುಗಿಯರು ಒಬ್ಬೊಬ್ಬರಾಗಿ ಅದರೊಳಗೆ ಹೋಗಿ, ಮಾಡಿದ ತಪ್ಪು ಹೇಳಿ, ಮುಖ ತೊಳೆದವರ ಹಾಗೆ ಹೊರಗೆ ಬರುತ್ತಿದ್ದರು. ನಾನು ಕೊರಳಲ್ಲಿ ಲಿಂಗ ಕಟ್ಟಿದವಳು, ಆ ಗೂಡು ನನ್ನದಲ್ಲ. ಹೊರಗಿನ ಬೆಂಚಿನ ಮೇಲೆ ಕ್ರೋಶಾ ಹೆಣೆಯುತ್ತ ಕೂಡುತ್ತಿದ್ದೆ. ಇವರಿಗೆ ಹೇಳಲು ಅಷ್ಟೊಂದು ಏನಿರುತ್ತದೆ ಎಂದು ಅಚ್ಚರಿಪಡುತ್ತಿದ್ದೆ. ಆಗ ನನ್ನಲ್ಲಿ ಹೇಳಬೇಕಾದದ್ದು ಏನೂ ಇರಲಿಲ್ಲ.

ನಿಮಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ. ಗೊತ್ತಿಲ್ಲದ್ದಕ್ಕೆ ಹೋಗಲು ನನಗೆ ಆ ದಾರಿಯೇ ಬೇಕು.

ಮಾವ ಇದೇ ಶಹಾಬಾದಿನ ಫರಸಿಕಲ್ಲಿನ ಖಣಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕಲ್ಲು ಕೇಳಿದವರು. ‘ಕೇಳುವುದು’ ಎಂದೇ ಅವರು ಹೇಳುತ್ತಿದ್ದರು. ಹಾಸುಗಲ್ಲು ರೈಲಿಗೆ ಏರುವ ಮುಂಚೆ ಒಂದೊಂದನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಗಟ್ಟಿ ಕಲ್ಲು ಕಂಚಿನ ತಟ್ಟೆಯ ಹಾಗೆ ದನಿ ಕೊಡುತ್ತದೆ. ಒಳಗೆ ಕಣ್ಣಿಗೆ ಕಾಣದ ಒಡಕಿದ್ದರೆ ದನಿ ಮಂಕು. ಹೈದರಾಬಾದಿನ ಎಷ್ಟೋ ಬಂಗಲೆಗಳ ಪಡಸಾಲೆಗೆ ಹಾಸಿದ ಕಲ್ಲು ಅವರ ಕಿವಿ ದಾಟಿಯೇ ಹೋಗಿತ್ತು.

ಆಮೇಲೆ ಮರೆವು ಹತ್ತಿತು. ಮೊದಲು ಹೆಸರು ಮರೆತರು. ಆಮೇಲೆ ಉಂಡದ್ದನ್ನು, ಆಮೇಲೆ ಅತ್ತೆ ತೀರಿಕೊಂಡದ್ದನ್ನು. ನನ್ನನ್ನು ಟೇಸನ್ ಮಾಸ್ತರರ ಹೆಂಡತಿ ಎಂದುಕೊಂಡಿದ್ದರು. ಒಂದು ದಿನ ಚಹಾ ಕುಡಿದು, ಸೊಸೆಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ ನನಗೇ ಹೇಳಿದರು: “ಬಾಯಾರ, ಚಾ ಭಾಳ ಚೊಲೋ ಆಗ್ಯಾದ್ರಿ. ನಮ್ಮ ಸೊಸಿಗೂ ಒಂಚೂರು ಕಲಸ್ರಿ. ಆಕಿ ಚಾ ಅಂದ್ರ ಬಿಸಿನೀರು.”

ಇದನ್ನು ಹೇಳಿದಾಗ ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನಾನೂ ನಕ್ಕೆ.

ಆದರೆ ದಿನಾ ಮುಂಜಾನೆ ರುಮಾಲು ಸುತ್ತಿಕೊಂಡು “ಖಣಿಗಿ ಹೊತ್ತಾತು” ಎಂದು ಹೊರಟುಬಿಡುತ್ತಿದ್ದರು. ಒಮ್ಮೆ ರೈಲು ಹಳಿಯ ಮೇಲೆ ನಡೆಯುತ್ತ ವಾಡಿಯ ದಾರಿ ಹಿಡಿದಿದ್ದರು. ಸಿಗ್ನಲ್ಲಿನವನು ಕೈಹಿಡಿದು ತಂದುಬಿಟ್ಟ. ಅವತ್ತೇ ನೀವು ಚಂದಾಪುರದ ನಿಮ್ಮ ಅತ್ತೆಮನೆಯಿಂದ ಬಂದಿಳಿದದ್ದು. ನಿಮ್ಮ ತಮ್ಮ ತಲೆ ತಗ್ಗಿಸಿ, “ಕೀಲಿ ಹಾಕಿ ಇಡಮು ಅಕ್ಕಾ, ಮತ್ತೇನ್ ಮಾಡ್ಲಿ?” ಎಂದರು.

ನೀವು ಚೀಲ ಇನ್ನೂ ಕೆಳಗಿಟ್ಟಿರಲಿಲ್ಲ. “ಕೀಲಿ ಹಾಕಿದ್ರ ಕಾಲು ನಿಲ್ತಾವ. ಕೈ ಏನ್ ಮಾಡ್ಬೇಕೋ? ಕೈಗಿ ಕೆಲ್ಸ ಇಲ್ಲದ ಮನಷ್ಯಾ ಒಳಗಿಂದೊಳಗ ಕೊಳಿತಾನ ತಮ್ಮಾ. ಅಂವಗ ಖಣಿ ಬೇಕು. ಖಣೀನೇ ಮನಿಗಿ ತರಸು.”

ಮಾವನ ಕೈಕೆಳಗೆ ಪಳಗಿದ ಖಾಸೀಂ ಮೇಸ್ತ್ರಿಗೆ ನೀವೇ ಹೇಳಿ ಕಳಿಸಿದಿರಿ. ಆತ ಒಂದು ಬಂಡಿ ಕಲ್ಲು ತಂದು ಬೇವಿನ ಗಿಡದ ಕೆಳಗೆ ಇಳಿಸಿದ. ಮುದುಕರು ಎತ್ತಬಲ್ಲಂಥ ಮೊಳದುದ್ದದ ತುಂಡುಗಳು, ಗಟ್ಟಿಯೂ ಒಡಕೂ ಕೂಡಿದವು. “ಉಸ್ತಾದ, ಇವನ್ನೊಂಚೂರು ಕೇಳಿ ಕೊಡ್ರಿ. ನನ್ನ ಕಿವಿ ಮ್ಯಾಲೆ ನನಗ ಭರೋಸಾ ಇಲ್ಲ” ಎಂದು ಮುಂದೆ ಕುಕ್ಕರಗಾಲಲ್ಲಿ ಕೂತ.

ಮಾವ ಅವನ ಹೆಸರು ಹೇಳಲಿಲ್ಲ. ಸುತ್ತಿಗೆ ಎತ್ತಿಕೊಂಡರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ — ಅಕ್ಕಾ, ಅವರ ಬೆನ್ನು ನೆಟ್ಟಗಾದದ್ದನ್ನು ನಾನು ಕಂಡೆ. ಚಹಾದ ಕಪ್ಪು ಹಿಡಿದರೆ ನಡುಗುತ್ತಿದ್ದ ಅದೇ ಕೈ, ಸುತ್ತಿಗೆ ಹಿಡಿದಾಗ ನಡುಗಲಿಲ್ಲ. ತಟ್ಟಿದರು, ತಲೆ ವಾಲಿಸಿದರು, ಎರಡು ಬೆರಳು ಕಲ್ಲಿನ ಮೇಲಿಟ್ಟರು. ಗಟ್ಟಿಯದನ್ನು ಮೂಡಣ ಗೋಡೆಗೆ ಒರಗಿಸಿದರು. ಒಡಕನ್ನು ಪಡುವಣ ಗೋಡೆಗೆ.

ಅವತ್ತಿನ ರೊಟ್ಟಿಯನ್ನು ಅವರೇ ಮುರಿದು ಉಂಡರು. ತುತ್ತು ಮಾಡಿ ಕೊಡುವುದು ಬೇಕಾಗಲಿಲ್ಲ.

ಮರುದಿನ ತಟ್ಟಲು ಕಲ್ಲು ಉಳಿದಿರಲಿಲ್ಲ, ಮತ್ತೆ ರುಮಾಲು ಸುತ್ತಿದರು. ಆಗ ನೀವು ಆ ಉಪಾಯ ಹೇಳಿಕೊಟ್ಟಿರಿ. ಉಂಡು ಮಲಗಿದ ಮೇಲೆ ಎರಡೂ ಗೋಡೆಯ ಕಲ್ಲನ್ನು ಕಲಸಿ ಗಿಡದ ಕೆಳಗೆ ಒಟ್ಟಬೇಕು. ಎದ್ದು ಬಂದರೆ ಅವರಿಗೆ ಅದು ಹೊಸ ರಾಶಿ. ಊರಿಗೆ ಹೊರಡುವಾಗ ಇನ್ನೊಂದು ಮಾತು ಹೇಳಿದಿರಿ. ಬಂಡಿಯಲ್ಲಿ ಒಂದು ಕಾಲಿಟ್ಟು ಹೇಳಿದ್ದು, ಅದಕ್ಕೇ ನನಗೆ ಅಷ್ಟು ಚೆನ್ನಾಗಿ ನೆನಪಿದೆ:

“ಸುಶೀಲಾ, ವಾರಕ್ಕೊಮ್ಮಿ ಖಾಸೀಂನ ಕಡಿಂದ ಹೊಸಾ ಕಲ್ಲು ಹಾಕಸು. ಹಳೀ ಕಲ್ಲಿನಾಗೇ ಅಪ್ಪನ್ನ ಕುಂದರ್ಸಿ ಬಿಡಬ್ಯಾಡ ಮತ್ತ. ಅಂವ ಕಲ್ಲಿನ ಮನಷ್ಯಾ.”

“ಹ್ಞೂಂ ಅಕ್ಕಾ” ಎಂದೆ.

ಎರಡು ತಿಂಗಳು ಮಾವ ಅಂಗಳದ ಗೇಟು ದಾಟಲಿಲ್ಲ. ರಾತ್ರಿ ನಿದ್ದೆ ಬಂತು. ನನ್ನ ಹೆಸರು ನೆನಪಾಗಲಿಲ್ಲ, ಆದರೆ ನನ್ನನ್ನು ಕರೆಯತೊಡಗಿದರು — “ಯವ್ವಾ, ಬಾ ಇಲ್ಲಿ, ಇದನ್ನ ಕೇಳು.” ಹಿಟ್ಟಿನ ಕೈಯಲ್ಲೇ ಹೋಗಿ ಕೂಡುತ್ತಿದ್ದೆ. “ಕಿವಿಲೆ ಅಲ್ಲವ್ವಾ. ಮಣಿಕಟ್ಟಿಲೆ ಕೇಳ್ಬೇಕು. ಕಿವಿ ಸುಳ್ಳ ಹೇಳ್ತದ, ಮಣಿಕಟ್ಟು ಹೇಳಂಗಿಲ್ಲ.” ನನಗೆ ಏನೂ ತಿಳಿಯುತ್ತಿರಲಿಲ್ಲ. ಅವರು ಬೇಸರಿಸದೆ ಮತ್ತೆ ತಟ್ಟುತ್ತಿದ್ದರು. ಮನೆಯಲ್ಲಿ ಯಾರಿಗೂ ಬೇಡವಾದ ಮುದುಕರು ಯಾರಿಗೋ ಒಂದು ವಿದ್ಯೆ ಕಲಿಸುತ್ತಿದ್ದರು. ಅವರ ಮುಖ — ಅದನ್ನು ಹೇಗೆ ಬರೆಯಲಿ. ಅದು ಬಿಡುವಿಲ್ಲದ ಮನುಷ್ಯನ ಮುಖವಾಗಿತ್ತು.

ಇನ್ನು ನಿಮಗೆ ಗೊತ್ತಿಲ್ಲದ್ದು.

ಎರಡನೆಯ ಬಂಡಿ ಬಂದಾಗ ಅದರ ಗಾಲಿ ನನ್ನ ಗುಲಾಬಿಯ ಮೇಲೆ ಹಾಯಿತು. ತವರಿನಿಂದ ತಂದ ಮೂರು ಗಿಡದಲ್ಲಿ ಒಂದು. ಕಲ್ಲಿನ ಧೂಳು ಕಿಟಕಿಯ ಬಿಳಿ ಪರದೆಯ ಮೇಲೆ ಕೂತಿತು. ಅದರ ಅಂಚಿನ ಜಾಲರಿ ಹೆಣೆಯಲು ನನಗೆ ಒಂದು ಬೇಸಿಗೆ ಹಿಡಿದಿತ್ತು. ಅಷ್ಟೇ, ಅಕ್ಕಾ. ಅದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದ್ದೇನೆ, ಇಲ್ಲ. ಮುಂದಿನ ವಾರ ಖಾಸೀಂ ಬಾಗಿಲಿಗೆ ಬಂದು ಕೇಳಿದಾಗ, “ಇನ್ನಷ್ಟು ದಿನ ಬ್ಯಾಡ, ಇವೇ ಸಾಕು” ಎಂದು ಕಳಿಸಿದೆ. ಅದರ ಮುಂದಿನ ವಾರವೂ. ಅವರಿಗೆಲ್ಲಿ ನೆನಪಿರುತ್ತದೆ ಎಂದುಕೊಂಡೆ. ಆರು ವಾರ ಅವವೇ ಕಲ್ಲು.

ಅವತ್ತು ಪಂಚಮಿಯ ಮರುದಿನ. ಮುಲ್ಲಾಮಾರಿ ಹೊಳೆ ತುಂಬಿ ಬಂಡಿ ದಾಟದೆ ನೀವು ಬಂದಿರಲಿಲ್ಲ. ನಿಮಗೆಂದು ಕಟ್ಟಿದ ಉಂಡಿ ಡಬ್ಬಿಯಲ್ಲಿ ಹಾಗೇ ಇದ್ದವು. ಹಿಂದಿನ ದಿನ ಜಿಟಿಜಿಟಿ ಮಳೆ ಬಿದ್ದು ಅಂಗಳ ಇನ್ನೂ ಹಸಿ. ಮಾವ ಮಧ್ಯಾಹ್ನ ಮಲಗಿದಾಗ ನಾನು ಎಂದಿನಂತೆ ಕಲ್ಲು ಕಲಸಿಟ್ಟೆ. ಅವರು ಎದ್ದು ಬಂದು ಕೂತರು. ನಾನು ಕಟ್ಟೆಯ ಮೇಲೆ ಕ್ರೋಶಾ ಹಿಡಿದಿದ್ದೆ. ಒಂದು ಕಲ್ಲು, ಎರಡು. ಮೂರನೆಯದನ್ನು ತಟ್ಟಿದ ದನಿ ಬಂತು, ಆಮೇಲೆ ಬರಲಿಲ್ಲ.

ತಲೆ ಎತ್ತಿ ನೋಡಿದೆ. ಮಾವ ಆ ಕಲ್ಲಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. ಅದರ ಮೂಲೆಯಲ್ಲಿ ಬದನೆಕಾಯಿ ಬಣ್ಣದ ಒಂದು ಕಲೆ.

“ಯವ್ವಾ, ಈ ಕಲ್ಲು ನಂಗ ಗೊತ್ತದ.”

ನಾನು ಕ್ರೋಶಾದ ದಾರವನ್ನು ಬೆರಳಿಗೆ ಸುತ್ತಿಕೊಂಡೆ.

“ಇದಕ್ಕ ಇಲ್ಲಿ ಒಡಕು ಅದ.” ತೋರುಬೆರಳಿನಿಂದ ಕಲ್ಲಿನ ಮೇಲೆ ಓರೆಯಾಗಿ ಒಂದು ಗೆರೆ ಎಳೆದು ತೋರಿಸಿದರು. ಅಲ್ಲಿ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. “ನಾ ಇದನ್ನ ಕೇಳೀನಿ. ಪಡುವಣ ಗ್ವಾಡಿಗಿ ನಿಲ್ಸೀನಿ. ಇಲ್ಲಿಗಿ ಹ್ಯಾಂಗ ಬಂತು?”

ಈಗ ಯೋಚಿಸಿದರೆ — ಆ ಗಳಿಗೆ ಎಂಥದಾಗಿತ್ತು! ಹೆಂಡತಿ ಸತ್ತದ್ದನ್ನು ಮರೆತ ಮನುಷ್ಯನಿಗೆ ಒಂದು ಕಲ್ಲು ನೆನಪಾಗಿತ್ತು. ಮನೆಯೆಲ್ಲ ಕೇಳುವಂತೆ ಕೂಗಿ ಹೇಳಬೇಕಾದ ಸುದ್ದಿ ಅದು. “ಹೌದ್ರಿ ಮಾವಾರ, ನೀವು ಕೇಳಿದ್ದೇ ಕಲ್ಲು, ನಾನೇ ಕಲಸಿಟ್ಟೀನಿ” ಎಂದಿದ್ದರೆ ಬಯ್ಯುತ್ತಿದ್ದರು. ಬಯ್ದು ಮರೆಯುತ್ತಿದ್ದರು. ನನಗೆ ಆಗಬಾರದ್ದೇನು ಆಗುತ್ತಿತ್ತು?

ನಾನು ಹೇಳಿದ್ದು ಇದು:

“ಇಲ್ರಿ ಮಾವಾರ. ಮುಂಜಾನಿ ಖಾಸೀಂ ಬಂಡಿ ತಂದಿದ್ದ. ಎಲ್ಲಾ ಹೊಸಾ ಕಲ್ಲೇ ಇವು. ನಿಮಗ ನೆನಪಿಲ್ಲ.”

ಅವರು ಅಂಗಳ ನೋಡಿದರು. ಗೇಟಿನಿಂದ ಗಿಡದವರೆಗೆ ನಿಧಾನವಾಗಿ ಕಣ್ಣಾಡಿಸಿದರು. “ಮಳಿ ಬಿದ್ದ ನೆಲ ಅದ. ಗಾಲಿ ಗುರ್ತು ಎಲ್ಲವ?”

“ನಾನೇ ಕಸಾ ಹೊಡದೀನ್ರಿ.”

ಮೂಲೆಯಲ್ಲಿ ಕಸಬರಿಗೆ ಒಣಗಿ ನಿಂತಿತ್ತು, ಅದರ ತುದಿಗೆ ಒಂದು ಚೂರು ಕೆಸರಿರಲಿಲ್ಲ. ನಾನು ಅದನ್ನು ನೋಡಿದೆ. ಅವರು ನೋಡಿದರೋ ಇಲ್ಲವೋ — ಒಂಬತ್ತು ವರ್ಷದಿಂದ ಇದೊಂದನ್ನು ಎಷ್ಟು ಸಲ ಕೇಳಿಕೊಂಡಿದ್ದೇನೋ. ನೋಡಿಯೂ ನನ್ನ ಮಾತನ್ನೇ ನಂಬಿದರೇ? ಕಾನ್ವೆಂಟಿನಲ್ಲಿ ಓದಿದ ಸೊಸೆ ಸುಳ್ಳು ಹೇಳುವುದಿಲ್ಲ, ತನ್ನ ತಲೆಯೇ ಕೆಟ್ಟಿರಬೇಕು ಎಂದು?

ಮತ್ತೊಮ್ಮೆ ತಟ್ಟಿದರು. ಮತ್ತೊಮ್ಮೆ. ಆಮೇಲೆ ತಮ್ಮ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು, ಅದು ಬೇರೆ ಯಾರದೋ ಎಂಬಂತೆ ನೋಡಿದರು.

“ಹಂಗಾದ್ರ ಇದೂ ಹೋಯ್ತು ಅನ್ನು.”

ರುಮಾಲು ಬಿಚ್ಚಿ ಸುತ್ತಿಗೆಗೆ ಸುತ್ತಿದರು. ಎದ್ದು ಬಂದು ನನ್ನ ಮಡಿಲಲ್ಲಿ, ಅರ್ಧ ಹೆಣೆದ ಜಾಲರಿಯ ಮೇಲೆ ಇಟ್ಟರು. “ಖಾಸೀಂಗ ಕೊಡವ್ವಾ. ಕೇಳಾಕ ಬಾರದಂವನ ಕೈಯಾಗ ಇದು ಇರಬಾರ್ದು. ಒಡಕ ಕಲ್ಲು ಯಾರರ ಮನಿ ಸೇರತದ.”

ಮರೆವು ಹತ್ತಿದ ಮೇಲೆ ಅವರು ಖಾಸೀಂನ ಹೆಸರು ಹೇಳಿದ್ದು ಅದೊಂದೇ ಸಲ.

ಆ ಸುತ್ತಿಗೆಯನ್ನು ನಾನು ಖಾಸೀಂಗೆ ಕೊಡಲಿಲ್ಲ. ತವರಿನ ಟ್ರಂಕಿನ ತಳದಲ್ಲಿ ಇಟ್ಟೆ. ವಾರ ಕಳೆದು ಆತ ಬಂದ. “ಅವರಿಗೇ ಬ್ಯಾಸರಾಗ್ಯಾದ” ಎಂದೆ.

“ಉಸ್ತಾದಗ ಕಲ್ಲು ಬ್ಯಾಸರಾ?” ಆತ ನಕ್ಕ. “ಬಾಯಾರ, ಮೀನಿಗಿ ನೀರು ಬ್ಯಾಸರ ಆಗತದೇನ್ರಿ?” ನಾನು ನಗದಿರುವುದನ್ನು ನೋಡಿ ನಗು ನಿಲ್ಲಿಸಿದ. ಚಪ್ಪಲಿ ಮೆಟ್ಟಿ ಹೊರಟುಹೋದ.

ನಿಮ್ಮ ತಮ್ಮ ಕೇಳಿದರು, ಏನಾಯಿತೆಂದು. ಆಗ ಬಾಯಿಗೆ ಬಂದದ್ದು ಅದು: ಅಕ್ಕ ಪಂಚಮಿಗೆ ಬರಲಿಲ್ಲವಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ. ಎಷ್ಟು ಸಲೀಸಾಗಿ ಬಂತು! ನಿಮಗೆ ಕಾಗದ ಬರೆಯುವಾಗ ಅದನ್ನೇ ಬರೆದೆ, ದುಂಡಗಿನ ಅಕ್ಷರದಲ್ಲಿ. ನೀವು ಕಾಗದ ಕಂಡ ಎಂಟೇ ದಿನಕ್ಕೆ ಓಡಿಬಂದಿರಿ. ಅವರ ಕಾಲ ಬಳಿ ಕೂತು, “ಅಪ್ಪಾ, ನಾ ಬಂದೀನಿ ನೋಡು. ಸಿಟ್ಟು ಬಿಡು. ಕಲ್ಲು ಕೇಳು ಬಾ” ಎಂದಿರಿ.

ಅವರು ನಿಮ್ಮನ್ನು ನೋಡಲಿಲ್ಲ. ನನ್ನ ಕಡೆ ಬೆರಳು ಮಾಡಿದರು.

“ಆಕಿನ್ನ ಕೇಳು. ಆಕಿಗೆಲ್ಲಾ ನೆನಪಿರತದ.”

ನೀವು ಅದನ್ನು ಮುದುಕರ ಮರುಳು ಮಾತೆಂದುಕೊಂಡಿರಿ, ಕಣ್ಣೊರೆಸಿಕೊಂಡಿರಿ. ನಾನು ನೀರು ತರುತ್ತೇನೆಂದು ಒಳಗೆ ಹೋದೆ. ಹೇಳಲು ಅದಕ್ಕಿಂತ ದೊಡ್ಡ ಗಳಿಗೆ ನನಗೆ ಯಾರು ಕೊಡಬೇಕಿತ್ತು? ನೀರಿನ ಕೊಡದ ಮೇಲಿನ ತಂಬಿಗೆಯಲ್ಲಿ ನನ್ನ ಮುಖ ಕಂಡಿತು. ನೀರು ತುಂಬಿಕೊಂಡು ಬಂದೆ.

ನೀವು ಊರಿಗೆ ಹೋದ ಮೇಲೆ ನಾನು ಒಂದು ದಿನ ಸುತ್ತಿಗೆ ತೆಗೆದು ಅವರ ಮುಂದಿಟ್ಟೆ. ಖಾಸೀಂನಿಂದ ನಿಜವಾಗಿಯೂ ಹೊಸ ಕಲ್ಲು ತರಿಸಿದ್ದೆ — ಎರಡನೆಯ ಗುಲಾಬಿಯೂ ಹೋಗಿತ್ತು, ಹೋಗಲಿ ಎಂದಿದ್ದೆ. ಮಾವ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಹೊಡೆಸಿಕೊಂಡ ಕೂಸಿನ ಹಾಗೆ. “ಬ್ಯಾಡವ್ವಾ, ಕೊಡಬ್ಯಾಡ.”

ಆಮೇಲಿನದು ನೀವು ಅಷ್ಟಿಷ್ಟು ಕಂಡಿದ್ದೀರಿ. ಆದರೆ ದಿನವೂ ಕಂಡವಳು ನಾನು. ಮತ್ತೆ ತುತ್ತು ಮಾಡಿ ಕೊಡಬೇಕಾಯಿತು. ಆಮೇಲೆ ಬಾಯಿಗೆ ಇಡಬೇಕಾಯಿತು. ಈ ಸಲ ರುಮಾಲು ಸುತ್ತಿ ಖಣಿಗೆ ಹೊರಡಲಿಲ್ಲ. ನಿಮ್ಮ ತಮ್ಮ ಅದನ್ನೊಂದು ನೆಮ್ಮದಿ ಎಂದುಕೊಂಡರು. ಕೂತಲ್ಲೇ ಕೂತು ಧೋತರದ ಅಂಚಿನ ಎಳೆ ಬಿಚ್ಚುತ್ತಿದ್ದರು. ಒಂದು ಧೋತರದ ಅಂಚು ಪೂರ್ತಿ ಬಿಚ್ಚಿದರು. ಕೆಲವೊಮ್ಮೆ ಯಾರೂ ಇಲ್ಲದಾಗ ಗೋಡೆಯ ಕಲ್ಲನ್ನು ಗೆಣ್ಣಿನಿಂದ ತಟ್ಟುತ್ತಿದ್ದರು, ಟಕ್ ಟಕ್. ನನ್ನ ಬಳೆಯ ಸದ್ದಾದರೆ ಕೈ ಮಡಿಲಿಗೆ ಸೇರುತ್ತಿತ್ತು. ಬಳೆಯನ್ನು ಮೊಣಕೈಗೆ ಏರಿಸಿಕೊಂಡು ಸದ್ದಿಲ್ಲದೆ ಓಡಾಡುವುದನ್ನು ಕಲಿತೆ. ಅವರಿಗೆ ಇಷ್ಟನ್ನಾದರೂ ಬಿಟ್ಟುಕೊಡೋಣವೆಂದು. ಸಂಕ್ರಾಂತಿಯ ಹೊತ್ತಿಗೆ ಆ ಟಕ್ ಟಕ್ಕೂ ನಿಂತಿತು. ಯುಗಾದಿಗೆ ಅವರಿರಲಿಲ್ಲ.

ಮುದುಕರಿಗೆ ಹೊತ್ತು ಕಳೆಯಲು ಒಂದು ಆಟ ಕೊಟ್ಟಿದ್ದೇವೆ ಎಂದು ನಾನು ತಿಳಿದಿದ್ದೆ. ಅವರು ಅಲ್ಲಿ ಆಟಕ್ಕೆ ಕೂತಿರಲಿಲ್ಲ, ಕಾಯಕಕ್ಕೆ ಕೂತಿದ್ದರು. ನೀವು ಅದನ್ನು ಅರಿತೇ ‘ಹೊಸ ಕಲ್ಲು’ ಎಂದಿರಿ. ಮರೆತವರ ಕೈಗೆ ಕೊಡುವ ಕೆಲಸ ಸುಳ್ಳಾಗಿರಬಾರದು. ಅವರು ಮಾಡಿದ್ದನ್ನು ನಂಬುವವರು ಒಬ್ಬರಾದರೂ ಮನೆಯಲ್ಲಿರಬೇಕು. ನಾನು ಆ ಒಬ್ಬಳಾಗಬೇಕಿತ್ತು — ಅವರಿಗೆ ನಾನು ಯಾರೆಂದು ಗೊತ್ತಿರದಿದ್ದರೂ.

ಇಷ್ಟು ವರ್ಷ ಸುಮ್ಮನಿದ್ದವಳು ಈಗೇಕೆ ಎಂದು ನೀವು ಕೇಳಬಹುದು. ಹೈದರಾಬಾದ್ ಸಂಸ್ಥಾನ ಏನಾಗುತ್ತದೋ ಎಂದು ಊರೆಲ್ಲ ಗುಸುಗುಸು, ಇವತ್ತು ಬಂದ ರೈಲು ನಾಳೆ ಬರುತ್ತದೆಂಬ ಭರವಸೆಯಿಲ್ಲ. ಅದಕ್ಕೆ ಹೆದರಿ ಬರೆಯುತ್ತಿದ್ದೇನೆ ಎಂದರೆ ಅದೂ ಅರ್ಧ ಸುಳ್ಳಾದೀತು. ನಡೆದದ್ದು ಇಷ್ಟು. ಆ ಕಲೆಯ ಕಲ್ಲನ್ನು ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯಲು ಹಾಕಿಸಿಕೊಂಡಿದ್ದೆ. ಅದು ಗಟ್ಟಿಯೆಂದು ದಿನಾ ಹೊಡೆದು ಹೊಡೆದು ನನಗೆ ನಾನೇ ಸಾಧಿಸಿಕೊಳ್ಳುತ್ತಿದ್ದೆನೋ ಏನೋ. ಒಂಬತ್ತು ವರ್ಷ ಅದು ತಡೆಯಿತು. ಮೊನ್ನೆ ಸೋಮವಾರ ಹಾಸಿಗೆಯ ಬಟ್ಟೆ ಒಗೆಯುವಾಗ ಕುದಿಯುವ ನೀರು ಸುರಿದೆ. ಚಿಟ್ ಎಂದಿತು. ಎರಡಾಯಿತು. ಕಲೆಯ ಪಕ್ಕದಿಂದ ಓರೆಯಾಗಿ — ಅವರ ಬೆರಳು ಹರಿದಾಡಿದ ಗೆರೆಯಲ್ಲೇ.

ಇವತ್ತು ಮುಂಜಾನೆ ರೊಟ್ಟಿ ಉಣ್ಣುವಾಗ ನಿಮ್ಮ ತಮ್ಮನಿಗೆ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿದರು. ಹಿತ್ತಿಲಿಗೆ ಹೋಗಿ ಒಡೆದ ಕಲ್ಲನ್ನು ನೋಡಿದರು. ಒಳಗೆ ಬಂದು ನನ್ನ ಮುಖ ನೋಡದೆ ಒಂದೇ ಮಾತು ಅಂದರು: “ಅಕ್ಕಗ ಬರಿ.” ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋದರು.

ಬರೆದಿದ್ದೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಅದನ್ನು ಕೊಡಬೇಕಾಗಿದ್ದ ಮಾವನ ಮುಂದೆ ಬಾಯಿ ಬಿಡದೆ ನೀರಿನ ತಂಬಿಗೆ ಹಿಡಿದು ನಿಂತವಳು ನಾನು. ಪಂಚಮಿಗೆ ಬನ್ನಿ ಎಂದು ಕರೆಯಲು ಬಾಯಿಲ್ಲ. ಬಂದರೂ ಬಾರದಿದ್ದರೂ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿಸಿರುತ್ತೇನೆ. ಸುತ್ತಿಗೆ ಅವರದೇ ರುಮಾಲಿನಲ್ಲಿ ಸುತ್ತಿಕೊಂಡು ಇದೆ. ಅದು ನಿಮ್ಮದು. ನೀವು ಬರದಿದ್ದರೆ ನಾನೇ ಚಂದಾಪುರಕ್ಕೆ ತಂದು ನಿಮ್ಮ ಕೈಯಲ್ಲಿ ಕೊಡುತ್ತೇನೆ.

ಕಲ್ಲಿನ ಎರಡೂ ತುಂಡನ್ನು ಎತ್ತಿ ತಂದು ಪಡುವಣ ಗೋಡೆಗೆ ಒರಗಿಸಿದ್ದೇನೆ, ಅವರು ನಿಲ್ಲಿಸಿದ್ದ ಜಾಗದಲ್ಲೇ.

ಅವರಿಗೆ ನೆನಪಿತ್ತು, ಅಕ್ಕಾ.